ಹಳೆಯ ಶೂ ಬ್ರ್ಯಾಂಡ್‌ಗೆ ಬೀದಿ ಪ್ರಚಾರ: ಪಾದ ಅಳೆದು ಕೊಡುವ ಮಳಿಗೆ ಹೂಡುವ ಸಮಗ್ರ ಮಾರ್ಗದರ್ಶಿ

ಹಳೆಯ ಶೂ ಬ್ರ್ಯಾಂಡಿನ ಹೆಸರು ಊರಿಗೆಲ್ಲ ಗೊತ್ತು. ಬಾಟಾ ಅಂದರೆ ಸಾಕು, ಶನಿವಾರದ ಬಿಳಿ ಯೂನಿಫಾರ್ಮು, ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಶೂ ನೆನಪಾಗುವವರು ಕರ್ನಾಟಕದಲ್ಲಿ ಲಕ್ಷಾಂತರ ಜನ ಇದ್ದಾರೆ. ಹಾಗಿರುವಾಗ ಬೀದಿಗಿಳಿದು ಹೆಸರನ್ನೇ ಮತ್ತೆ ಕೂಗಿದರೆ ದುಡ್ಡು ದಂಡ. ನೆನಪಿರುವ ಶೂವನ್ನು ಜನ ಕೊನೆಯ ಸಲ ಕಾಲಿಗೆ ಹಾಕಿ ಇಪ್ಪತ್ತು ವರ್ಷ ಆಗಿರುತ್ತದೆ, ತೊಂದರೆ ಅಲ್ಲಿದೆ. ಆದ್ದರಿಂದ ಬೀದಿ ಪ್ರಚಾರಕ್ಕೆ ಇರಬೇಕಾದ ಗುರಿ ಒಂದೇ: ಸರಿಯಾದ ಅಳತೆಯ ಶೂ, ಸರಿಯಾದ ಕಾಲಿಗೆ, ಐದು ನಿಮಿಷ.

ಇದು ಹೊಸ ಉಪಾಯವೂ ಅಲ್ಲ. ಅಮೆರಿಕದ ಕಾನ್ವರ್ಸ್ ಕಂಪನಿ 1917ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಕ್ಕೆಂದು ಆಲ್ ಸ್ಟಾರ್ ಶೂ ತಂದಾಗ ಆ ಆಟ ಇನ್ನೂ ಹೊಸದು. 1921ರಲ್ಲಿ ಕಂಪನಿ ಸೇರಿದ ಚಕ್ ಟೇಲರ್ ಕಾರಿನಲ್ಲಿ ಊರೂರು ಸುತ್ತಿ, ಶಾಲೆ ಕಾಲೇಜುಗಳಲ್ಲಿ ಹುಡುಗರಿಗೆ ಪಾಸ್ ಕೊಡುವುದು ಹೇಗೆ, ಬುಟ್ಟಿಗೆ ಎಸೆಯುವುದು ಹೇಗೆ ಎಂದು ಕಲಿಸಿದ. ಶೂ ಮಾರಾಟ ಆಗುತ್ತಿದ್ದುದು ಆಯಾ ಊರಿನ ಅಂಗಡಿಯಲ್ಲಿ. ಮೊದಲು ಒಂದು ಉಪಕಾರ, ಆಮೇಲೆ ಹತ್ತಿರದ ಅಂಗಡಿಯ ದಾರಿ: ಈ ಕ್ರಮ ನೂರು ವರ್ಷವಾದರೂ ಹಳತಾಗಿಲ್ಲ.

ನಮ್ಮ ಊರುಗಳಲ್ಲಿ ಮಾಡಬಹುದಾದ ಉಪಕಾರ ಪಾದದ ಅಳತೆ. ಬಹಳ ಜನರಿಗೆ ತಮ್ಮ ಶೂ ನಂಬರು ಗೊತ್ತು, ಪಾದದ ಉದ್ದ ಎಷ್ಟು ಮಿಲಿಮೀಟರ್ ಎಂದು ಗೊತ್ತಿಲ್ಲ. ಅಗಲವನ್ನಂತೂ ಅಳೆಯುವವರೇ ಇಲ್ಲ. ಶೂ ಕಚ್ಚುತ್ತದೆ ಎಂದು ಒಂದು ನಂಬರು ದೊಡ್ಡದು ಕೊಂಡು, ಹಿಮ್ಮಡಿ ಜಾರುತ್ತದೆ ಎಂದು ಆಮೇಲೆ ಬೈದುಕೊಳ್ಳುತ್ತಾರೆ. ಕೆಳಗಿನದೆಲ್ಲ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರಿನಲ್ಲಿ, ಕ್ಯಾನ್ವಾಸ್ ಶೂ ಇರುವ ಯಾವುದೇ ಹಳೆಯ ಬ್ರ್ಯಾಂಡಿಗೆ, ಎರಡು ದಿನದ ಮಳಿಗೆಯ ಲೆಕ್ಕ.

ಜಾಗ ಮತ್ತು ಹೊತ್ತು

ಮಳಿಗೆಯಿಂದ ಬ್ರ್ಯಾಂಡಿನ ಅಂಗಡಿಗೆ ನಡೆದು ಐದು ನಿಮಿಷ, ಅದಕ್ಕಿಂತ ದೂರ ಬೇಡ. ರಸ್ತೆ ದಾಟಿಸುವ ಜಾಗವೂ ಬೇಡ. ಜನಸಂದಣಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ಲೆಕ್ಕ; ಬಸ್ ಹಿಡಿಯುವ ಧಾವಂತದಲ್ಲಿರುವವರು ಶೂ ಬಿಚ್ಚುವುದಿಲ್ಲ. ಬೆಂಗಳೂರಿನಲ್ಲಿ ಮೆಜೆಸ್ಟಿಕ್‌ಗಿಂತ ಚರ್ಚ್ ಸ್ಟ್ರೀಟ್, ಕಮರ್ಷಿಯಲ್ ಸ್ಟ್ರೀಟ್, ಜಯನಗರ ನಾಲ್ಕನೇ ಬ್ಲಾಕ್ ವಾಸಿ. ಮೈಸೂರಿನಲ್ಲಿ ದೇವರಾಜ ಅರಸು ರಸ್ತೆಯ ಅಂಗಡಿ ಸಾಲು. ಕಾಫಿ ಕುಡಿಯಲು, ಬಟ್ಟೆ ನೋಡಲು ಬಂದವರ ಕೈಯಲ್ಲಿ ಹೊತ್ತಿರುತ್ತದೆ.

ದೇವಸ್ಥಾನದ ಎದುರು, ಮಸೀದಿಯ ಬಾಗಿಲು, ಚರ್ಚಿನ ಮೆಟ್ಟಿಲು ಇವುಗಳ ಹತ್ತಿರ ಪಾದರಕ್ಷೆಯ ಮಳಿಗೆ ಹಾಕಲೇಬಾರದು. ಚಪ್ಪಲಿ ಬಿಡುವ ಜಾಗದಲ್ಲಿ ಜನ ಸಿಗುತ್ತಾರೆ ಎಂಬ ಆಸೆ ಹುಟ್ಟುತ್ತದೆ. ಜಗಳ ಬೇಕಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹೊತ್ತು: ಸಂಜೆ 4ರಿಂದ 9. ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಊದಿರುತ್ತದೆ, ಶೂ ಹಿಡಿಯಬೇಕಾದ ಅಳತೆ ಅದೇ. ಬೆಳಗ್ಗೆ ಅಳೆದು ಕೊಟ್ಟ ಶೂ ಸಂಜೆಗೆ ಬಿಗಿಯುತ್ತದೆ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ಶನಿವಾರ, ಭಾನುವಾರ ಅನುಕೂಲ. ಶಾಲೆ ಶುರುವಾಗುವ ಮೇ ಕೊನೆಯಲ್ಲಿ ಗಿರಾಕಿ ಹೆಚ್ಚು ನಿಜ, ಆದರೆ ಆಗ ಸಂಜೆಯ ಗುಡುಗುಮಳೆ ನಾಲ್ಕು ಗಂಟೆಗೇ ಶುರುವಾಗುತ್ತದೆ. ಆಗಲೇ ಮಾಡಬೇಕಿದ್ದರೆ ಸೂರಿರುವ ಜಾಗ ಹಿಡಿಯಿರಿ.

ಅನುಮತಿ

ನಾಲ್ಕು ವಾರ ಮೊದಲು ಶುರುಮಾಡಿ. ಸಾರ್ವಜನಿಕ ರಸ್ತೆ ಅಥವಾ ಫುಟ್‌ಪಾತ್ ಆದರೆ ನಗರಪಾಲಿಕೆಯ ಒಪ್ಪಿಗೆ, ಸಂಚಾರ ಪೊಲೀಸರ ನಿರಾಕ್ಷೇಪಣಾ ಪತ್ರ, ಮೈಕ್ ಇದ್ದರೆ ಸ್ಥಳೀಯ ಠಾಣೆಯ ಪರವಾನಗಿ, ಮೂರೂ ಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರುತ್ತದೆ ಎಂದು ನೋಡಿಕೊಂಡೇ ಅರ್ಜಿ ಬರೆಯಿರಿ. ತಪ್ಪು ಕಚೇರಿಗೆ ಹೋದ ಅರ್ಜಿ ಎರಡು ವಾರ ಅಲ್ಲೇ ಕೂರುತ್ತದೆ.

ಇದಕ್ಕಿಂತ ಸಲೀಸಾದ ದಾರಿ: ಅಂಗಡಿಯ ಮುಂದಿನ ಸ್ವಂತ ಜಾಗ, ಮಾಲ್ ಅಥವಾ ಚಿತ್ರಮಂದಿರದ ಅಂಗಳ, ಇಲ್ಲವೇ ಮೆಟ್ರೊ ನಿಲ್ದಾಣದಲ್ಲಿ ಬಾಡಿಗೆಗೆ ಸಿಗುವ ಜಾಗ. ಮಾಲೀಕರ ಪತ್ರ ಒಂದಿದ್ದರೆ ಅರ್ಧ ಕೆಲಸ ಮುಗಿಯಿತು. ಎಲ್ಲೇ ಹಾಕಿದರೂ ನಡೆಯುವವರಿಗೆ ಕನಿಷ್ಠ 1.8 ಮೀಟರ್ ದಾರಿ ಖಾಲಿ ಬಿಡಬೇಕು. ಗಾಲಿಕುರ್ಚಿ ಮತ್ತು ಎದುರಿನಿಂದ ಬರುವವರು ಒಟ್ಟಿಗೆ ಹಾಯುವಷ್ಟು ಅಗಲ ಅದು. ನಿಮ್ಮ ಸರತಿ ಆ ದಾರಿಗೆ ಚಾಚದಂತೆ ನೆಲದ ಮೇಲೆ ಟೇಪು ಅಂಟಿಸಿ. ಅಲ್ಲಿ ದಿನಾ ಕೂರುವ ಕಡಲೆಕಾಯಿಯವರನ್ನೋ ಹೂವಿನವರನ್ನೋ ಎಬ್ಬಿಸಿ ಜಾಗ ಮಾಡಿಕೊಂಡರೆ ಇಡೀ ಬೀದಿ ನಿಮ್ಮ ಮೇಲೆ ಮುನಿಯುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯೂ ಇದೆ.

ಫ್ಲೆಕ್ಸ್ ಬ್ಯಾನರ್ ಬೇಡ, ಕರ್ನಾಟಕದಲ್ಲಿ 2016ರಿಂದಲೇ ಅದಕ್ಕೆ ನಿಷೇಧ ಇದೆ. ಹತ್ತಿ ಬಟ್ಟೆಯ ಮೇಲೆ ಕೈಯಲ್ಲಿ ಬರೆಸಿ. ಬೋರ್ಡು ಬರೆಯುವ ಕಲಾವಿದರು ಇನ್ನೂ ಎಲ್ಲ ಊರಲ್ಲೂ ಸಿಗುತ್ತಾರೆ, ಕ್ಯಾನ್ವಾಸ್ ಶೂವಿಗೆ ಆ ಬಟ್ಟೆಯೇ ಹೊಂದುತ್ತದೆ. ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಶಬ್ದದ ಮಿತಿ 65 ಡೆಸಿಬೆಲ್, ರಾತ್ರಿ ಹತ್ತರ ನಂತರ ಮೈಕ್ ಇಲ್ಲ. ಸಿನಿಮಾ ಹಾಡು ಹಾಕಿದರೆ ಅದಕ್ಕೆ ಬೇರೆ ಪರವಾನಗಿ. ಮೈಕೂ ಹಾಡೂ ಬಿಟ್ಟುಬಿಟ್ಟರೆ ಖರ್ಚು, ತಲೆನೋವು ಎರಡೂ ತಪ್ಪುತ್ತವೆ. ಅಳತೆ ಹೇಳುವ ದನಿ ಗಿರಾಕಿಗೆ ಕೇಳಿಸಬೇಕಲ್ಲ.

ಅಳತೆ ಮಣೆ

ಇಡೀ ಪ್ರಚಾರದ ಜೀವ ಇದರಲ್ಲಿದೆ. ಅಮೆರಿಕದ ಸಿರಕ್ಯೂಸ್‌ನಲ್ಲಿ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ರೂಪಿಸಿದ ಲೋಹದ ಉಪಕರಣ ಈಗಲೂ ಶೂ ಅಂಗಡಿಗಳಲ್ಲಿದೆ. ಅದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬಡಗಿಯಿಂದ ಮಾಡಿಸಿ:

- 18 ಮಿಮೀ ಪ್ಲೈವುಡ್, 400 ಮಿಮೀ ಉದ್ದ, 200 ಮಿಮೀ ಅಗಲ. ಮೂರು ಮಣೆ, ಜೊತೆಗೆ ಒಂದು ಹೆಚ್ಚಿಗೆ.
- ಹಿಮ್ಮಡಿ ಒರಗಲು ಒಂದು ತುದಿಗೆ 60 ಮಿಮೀ ಎತ್ತರದ ಮರದ ಕಟ್ಟೆ, ಸರಿಯಾಗಿ ಲಂಬವಾಗಿ.
- ಕಟ್ಟೆಯಿಂದಲೇ ಶುರುವಾಗುವ 300 ಮಿಮೀ ಸ್ಟೀಲ್ ಅಳತೆಪಟ್ಟಿ. ಕೆಲವು ಪಟ್ಟಿಗಳಲ್ಲಿ ಸೊನ್ನೆಯ ಗೆರೆ ತುದಿಯಿಂದ ಐದಾರು ಮಿಲಿಮೀಟರ್ ಒಳಗಿರುತ್ತದೆ, ಅಂಥದ್ದು ಬೇಡ.
- ಬೆರಳ ತುದಿಗೆ ತಾಗಿಸುವ, ಅತ್ತಿತ್ತ ಜಾರುವ ಮರದ ಅಡ್ಡಪಟ್ಟಿ.
- ಅಗಲಕ್ಕೆ ಟೈಲರ್ ಟೇಪು. ವಾರಕ್ಕೊಮ್ಮೆ ಸ್ಟೀಲ್ ಪಟ್ಟಿಯ ಜೊತೆ ಹಿಡಿದು ನೋಡಿ, ಹಳೆಯ ಟೇಪು ಹಿಗ್ಗಿರುತ್ತದೆ.

ಕಂಪ್ಯೂಟರಿನಲ್ಲಿ ಅಳತೆ ಚಿತ್ರ ಮಾಡಿ ಕಾಗದದಲ್ಲಿ ಮುದ್ರಿಸಿ ಅಂಟಿಸುವವರಿದ್ದಾರೆ. ಮುದ್ರಣ ಯಂತ್ರ ಪುಟಕ್ಕೆ ಹೊಂದಿಸುವ ಭರದಲ್ಲಿ ಚಿತ್ರವನ್ನು ಶೇ 4ರಷ್ಟು ಕುಗ್ಗಿಸಿದರೆ, 250 ಮಿಮೀ ಪಾದ 260 ಎಂದು ಕಾಣುತ್ತದೆ. ಇಂಗ್ಲಿಷ್ ಸೈಜಿನಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ 8.47 ಮಿಮೀ. ಯುರೋಪಿನ ನಂಬರಿನಲ್ಲಿ 6.67 ಮಿಮೀ. ಹಾಗಾಗಿ ಆ ಕಾಗದವನ್ನು ನಂಬಿ ಅಳೆದ ಪ್ರತಿಯೊಬ್ಬರಿಗೂ ಒಂದು ನಂಬರು ದೊಡ್ಡ ಶೂ ಹೋಗುತ್ತದೆ.

ಅಳೆಯುವ ಕ್ರಮ ಹೀಗೆ. ಗಿರಾಕಿಯನ್ನು ನಿಲ್ಲಿಸಿ ಅಳೆಯಿರಿ, ಕೂತಾಗ ಪಾದ ಚಿಕ್ಕದಾಗಿರುತ್ತದೆ. ಎರಡೂ ಕಾಲಿನ ಮೇಲೆ ಸಮ ಭಾರ ಇರಲಿ. ಒಂದು ಕಾಲು ಮಣೆಯ ಮೇಲೆ, ಇನ್ನೊಂದು ಅದೇ ಎತ್ತರದ ಹಲಗೆಯ ಮೇಲೆ. ಜನ ತಮ್ಮ ಪಾದ ನೋಡಲು ಬಗ್ಗುತ್ತಾರೆ, ಆಗ ಭಾರ ಮುಂದಕ್ಕೆ ಹೋಗಿ ಹಿಮ್ಮಡಿ ಕಟ್ಟೆಯಿಂದ ಬಿಡುತ್ತದೆ. ಎದುರಿಗೆ, ಕಣ್ಣಿನ ಎತ್ತರದಲ್ಲಿ ಒಂದು ಚಿತ್ರ ತೂಗುಹಾಕಿದರೆ ನೋಟ ಅಲ್ಲಿ ನಿಲ್ಲುತ್ತದೆ. ಅಡ್ಡಪಟ್ಟಿಯನ್ನು ಅತಿ ಉದ್ದದ ಬೆರಳಿಗೆ ತಾಗಿಸಿ. ಹೆಬ್ಬೆರಳೇ ಉದ್ದ ಎಂದುಕೊಳ್ಳಬೇಡಿ, ಎಷ್ಟೋ ಜನರಿಗೆ ಪಕ್ಕದ ಬೆರಳು ಮುಂದಿರುತ್ತದೆ. ಆಮೇಲೆ ಹೆಬ್ಬೆರಳ ಬುಡದ ಗಂಟಿನಿಂದ ಕಿರುಬೆರಳ ಬುಡದವರೆಗೆ ಟೇಪು ಸುತ್ತಿ ಸುತ್ತಳತೆ ಓದಿ. ಎರಡೂ ಪಾದ ಅಳೆಯಿರಿ. ಐದಾರು ಮಿಲಿಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ, ದೊಡ್ಡ ಪಾದಕ್ಕೆ ಹೊಂದುವ ಶೂ ಕೊಟ್ಟು, ಚಿಕ್ಕ ಪಾದದ ಕಡೆ ತೆಳು ಒಳಪದರ ಇಡಿ.

ಅಗಲಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಚೆನ್ನೈನ ಚರ್ಮ ಸಂಶೋಧನಾ ಕೇಂದ್ರವಾದ ಸಿಎಸ್‌ಐಆರ್-ಸಿಎಲ್‌ಆರ್‌ಐ ಸಂಸ್ಥೆ 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಮೀರಿದ ಜನರ ಪಾದಗಳನ್ನು ಅಳೆದಿತ್ತು. ಭಾರತೀಯರ ಪಾದದ ಮುಂಭಾಗ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡದ್ದು. ‘ಭ’ ಎಂಬ ಹೆಸರಿನ ಭಾರತೀಯ ಅಳತೆ ಕ್ರಮದ ಪ್ರಸ್ತಾವ ಹುಟ್ಟಿದ್ದೂ ಅಲ್ಲಿಂದಲೇ. ಉದ್ದ ಸರಿಯಿದ್ದರೂ ಶೂ ಕಚ್ಚುವುದು ಯಾಕೆ ಎಂಬುದಕ್ಕೆ ಹೆಚ್ಚಿನ ಸಲ ಉತ್ತರ ಇದೇ. ಮಳಿಗೆಯಲ್ಲಿ ಇದನ್ನು ಎರಡು ವಾಕ್ಯದಲ್ಲಿ ಹೇಳಿದರೆ ಗಿರಾಕಿಯ ಮುಖ ಅರಳುತ್ತದೆ, ಅಷ್ಟು ದಿನ ತಮ್ಮ ಕಾಲಲ್ಲೇ ಏನೋ ದೋಷ ಎಂದುಕೊಂಡಿರುತ್ತಾರೆ.

ಮಿಲಿಮೀಟರ್‌ನಿಂದ ನಂಬರಿಗೆ ಹೋಗುವ ಪಟ್ಟಿಯನ್ನು ಇಂಟರ್ನೆಟ್ಟಿನಿಂದ ಎತ್ತಿಕೊಳ್ಳಬೇಡಿ. ಪ್ರತಿ ಬ್ರ್ಯಾಂಡಿನ ಅಚ್ಚು ಬೇರೆ, ಒಂದೇ ಬ್ರ್ಯಾಂಡಿನ ಎರಡು ಮಾದರಿಗಳ ಅಚ್ಚೂ ಬೇರೆ. ಕಾರ್ಖಾನೆಯವರಿಂದ ಆ ಮಾದರಿಯ ಪಟ್ಟಿ ತರಿಸಿ, ಮಳಿಗೆಗೆ ಮೊದಲು ಹತ್ತು ಜನ ಸಿಬ್ಬಂದಿಯ ಕಾಲಿಗೆ ಹಾಕಿ ಪರೀಕ್ಷಿಸಿ. ಶೂ ಒಳಗೆ ಬೆರಳ ಮುಂದೆ 10ರಿಂದ 12 ಮಿಮೀ ಜಾಗ ಉಳಿಯಬೇಕು.

ಮುಟ್ಟುವುದು, ಮುಟ್ಟದಿರುವುದು

ನಮ್ಮಲ್ಲಿ ಪಾದ ಮುಟ್ಟುವುದು ಸಣ್ಣ ವಿಷಯವಲ್ಲ. ನಡುವಯಸ್ಸಿನ ಸಿಬ್ಬಂದಿ ಕಾಲೇಜು ಹುಡುಗಿಯ ಪಾದಕ್ಕೆ ಕೈಯಿಟ್ಟರೆ ಆಕೆ ಹಿಂದೆ ಸರಿಯುತ್ತಾಳೆ, ‘ಅಯ್ಯೋ ಬೇಡ ಅಂಕಲ್’ ಎನ್ನುತ್ತಾಳೆ. ಹಿರಿಯರ ಪಾದಕ್ಕೆ ಹುಡುಗನೊಬ್ಬ ಬಗ್ಗಿದರೆ ಅವರ ಕೈ ತಾನಾಗಿ ಆಶೀರ್ವಾದಕ್ಕೆ ಏಳುತ್ತದೆ, ತುಸು ನಗು, ಆಮೇಲೆ ಕೆಲಸ ಸಲೀಸು. ಹಾಗಾಗಿ ಅಳೆಯುವವರು ಕಿರಿಯರಿರಲಿ, ಹೆಂಗಸರಿಗೆ ಹೆಂಗಸರೇ ಅಳೆಯಲಿ. ಜಾರುವ ಅಡ್ಡಪಟ್ಟಿ ಇರುವುದೂ ಇದಕ್ಕೇ, ಉದ್ದ ಅಳೆಯಲು ಪಾದ ಹಿಡಿಯಬೇಕಿಲ್ಲ. ಸುತ್ತಳತೆಗೆ ಮಾತ್ರ ‘ಟೇಪು ಹಾಕಲಾ ಅಮ್ಮ?’ ಎಂದು ಕೇಳಿ ಮುಂದುವರಿಯಿರಿ. ಬೇಡ ಎಂದವರ ಕೈಗೇ ಟೇಪು ಕೊಡಿ.

ಸಿಬ್ಬಂದಿಗೆ ಕೂರಲು ಒಂದಡಿ ಎತ್ತರದ ಸ್ಟೂಲು ಬೇಕೇ ಬೇಕು. ಐದು ಗಂಟೆ ಕುಕ್ಕರುಗಾಲಲ್ಲಿ ಕೂರಿಸಿದರೆ ಏಳು ಗಂಟೆಯ ಹೊತ್ತಿಗೆ ಅವರ ಅಳತೆ ತಪ್ಪತೊಡಗುತ್ತದೆ.

ಇನ್ನೊಂದು ಮುಖ್ಯ ಮಾತು: ಕಾಲು ಇಡುವ ಕಡೆ ಅಕ್ಷರ ಬರೆಯಬೇಡಿ. ನೆಲದ ಮೇಲೆ ಘೋಷವಾಕ್ಯ ಅಂಟಿಸುವುದು ಬೇರೆ ದೇಶಗಳಲ್ಲಿ ಮಾಮೂಲು. ಇಲ್ಲಿ ಅಕ್ಷರ ಅಂದರೆ ಸರಸ್ವತಿ, ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಜನ ಅದನ್ನು ದಾಟಿಕೊಂಡು ನಡೆಯುತ್ತಾರೆ, ಯಾರೋ ಒಬ್ಬರು ಫೋಟೊ ತೆಗೆದು ದೂರು ಕೊಡುತ್ತಾರೆ, ದೂರು ನ್ಯಾಯವೂ ಹೌದು. ನೆಲಕ್ಕೆ ಬಾಣದ ಗುರುತು ಸಾಕು. ಹಾಗೆಯೇ ನವೆಂಬರ್ ತಿಂಗಳಲ್ಲವೇ ಎಂದು ಶೂ ಮೇಲೆ ಅರಿಶಿನ–ಕುಂಕುಮ ಬಣ್ಣದ ಬಾವುಟ, ಕರ್ನಾಟಕದ ನಕ್ಷೆ, ದೇವರ ಚಿತ್ರ, ರಾಷ್ಟ್ರಧ್ವಜ ಯಾವುದೂ ಬರಕೂಡದು. ಗಿರಾಕಿಗಳೇ ಶೂ ಮೇಲೆ ಬಣ್ಣ ಹಚ್ಚುವ ಆಟ ಇಟ್ಟಿದ್ದರೆ ಈ ನಿಯಮವನ್ನು ಮೇಜಿನ ಮೇಲೆ ಬರೆದಿಡಿ.

ಬೋರ್ಡಿನ ಮಾತನ್ನು ಕನ್ನಡದಲ್ಲೇ ಯೋಚಿಸಿ ಬರೆಸಿ. ಮುಂಬೈ ಕಚೇರಿಯಿಂದ ಬಂದ ಘೋಷವಾಕ್ಯದ ಅನುವಾದ ‘ನಿಮ್ಮ ಪಯಣವನ್ನು ಮರುಶೋಧಿಸಿ’ ಎಂದಿದ್ದರೆ ಯಾರ ಕಾಲೂ ನಿಲ್ಲುವುದಿಲ್ಲ. ‘ಶನಿವಾರದ ಬಿಳಿ ಶೂ ನೆನಪಿದೆಯಾ?’ ಅಂದರೆ ನಿಲ್ಲುತ್ತದೆ. ಅದರ ಕೆಳಗೆ ‘ಪಾದ ಅಳೆದು ಕೊಡ್ತೀವಿ. ದುಡ್ಡು ಬೇಡ.’ ಅಷ್ಟೇ ಸಾಕು.

ಹೊಂದಿಕೆ, ಜನ, ಜೋಡಿಗಳು

ಜಾಗ 6 ಮೀಟರ್ ಉದ್ದ, 3 ಮೀಟರ್ ಅಗಲ. ಎಡದಿಂದ ಬಲಕ್ಕೆ: ಮೂರು ಅಳತೆ ಮಣೆ, ಶೂ ಹಾಕಿಕೊಳ್ಳಲು ಆರು ಸ್ಟೂಲು, ಅದರ ಮುಂದೆ ನಡೆಯುವ ಪಟ್ಟಿ, ಕೊನೆಯಲ್ಲಿ ಹೊಲಿಗೆಯ ಮೂಲೆ. ಒಂದು ಹಳೆಯ ಜೋಡಿಯನ್ನು ಗರಗಸದಿಂದ ಉದ್ದಕ್ಕೆ ಸೀಳಿ ಕಣ್ಣಳತೆಯಲ್ಲಿ ತೂಗುಹಾಕಿ. ಮೇಲಿನ ಕ್ಯಾನ್ವಾಸು, ಒಳಗಿನ ಹತ್ತಿ ಅಸ್ತರು, ಅಂಚಿಗೆ ಸುತ್ತಿದ ರಬ್ಬರ್ ಪಟ್ಟಿ, ತಳ, ಇವೆಲ್ಲ ಬಿಸಿಯಲ್ಲಿ ಬೆಂದು ಒಂದಾಗಿರುವುದು ಆ ಸೀಳಿನಲ್ಲಿ ಕಾಣುತ್ತದೆ. ಅಳೆಸಿಕೊಳ್ಳುವವರ ನೋಟ ನಿಲ್ಲಬೇಕಾದ ಚಿತ್ರವೂ ಇದೇ ಆಗಬಹುದು.

ನಡೆಯುವ ಪಟ್ಟಿ 5 ಮೀಟರ್. ಕೆಂಪು ಕಂಬಳಿ ಹಾಸಿದರೆ ಯಾವ ಶೂ ಆದರೂ ಮೆತ್ತಗೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ನಮ್ಮೂರ ಫುಟ್‌ಪಾತನ್ನೇ ಕಟ್ಟಿ: ಒಂದೂವರೆ ಮೀಟರ್ ಕಡಪ ಕಲ್ಲು, ಅಷ್ಟೇ ಉದ್ದ ಇಂಟರ್‌ಲಾಕ್ ಬ್ಲಾಕು, ಒಂದು ಮೀಟರ್ ತಟ್ಟೆಯಲ್ಲಿ ಹಾಸಿದ ಸಣ್ಣ ಜಲ್ಲಿ, ಕೊನೆಗೆ ಇಳಿಜಾರಿನ ಹಲಗೆ. ಮಟ್ಟಗಳ ನಡುವೆ ಎತ್ತರದ ವ್ಯತ್ಯಾಸ 1 ಸೆಂಮೀ ದಾಟಬಾರದು, ಒಂದು ಬದಿಗೆ ಹಿಡಿದುಕೊಳ್ಳಲು ಕಂಬಿ ಇರಲಿ. ಜಲ್ಲಿ ಚೆಲ್ಲಿ ಕಡಪದ ಮೇಲೆ ಬಂದರೆ ಜನ ಜಾರುತ್ತಾರೆ, ಅರ್ಧ ಗಂಟೆಗೊಮ್ಮೆ ಪೊರಕೆ ಆಡಿಸಬೇಕು.

ಜನ ಒಂಬತ್ತು: ಮೇಲ್ವಿಚಾರಣೆಗೆ ಒಬ್ಬರು, ಕರೆಯಲು ಒಬ್ಬರು, ಅಳೆಯಲು ಮೂವರು, ಜೋಡಿ ತಂದುಕೊಡಲು ಇಬ್ಬರು, ಶುಚಿಗೆ ಒಬ್ಬರು, ಹೊಲಿಗೆಗೆ ಒಬ್ಬರು. ಒಬ್ಬರನ್ನು ಅಳೆಯಲು ಮೂರ್ನಾಲ್ಕು ನಿಮಿಷ, ಮಾತುಕತೆ ಸೇರಿ ಐದು. ಮೂರು ಮಣೆಗೆ ಗಂಟೆಗೆ 36 ಜನ, ಐದು ಗಂಟೆಗೆ 180. ಸಾವಿರ ಜನರನ್ನು ಮುಟ್ಟುತ್ತೇವೆ ಎಂದು ಯಾರಾದರೂ ಯೋಜನೆ ತಂದರೆ ಅವರು ಅಳೆಯುವುದಿಲ್ಲ, ಕಾಗದ ಹಂಚುತ್ತಾರೆ ಎಂದರ್ಥ.

ಹಾಕಿ ನೋಡಲು 40 ಜೋಡಿ ಸಾಕು. ಇಂಗ್ಲಿಷ್ ನಂಬರಿನಲ್ಲಿ ಗಂಡಸರಿಗೆ 6ರಲ್ಲಿ ಮೂರು, 7ರಲ್ಲಿ ಐದು, 8ರಲ್ಲಿ ಆರು, 9ರಲ್ಲಿ ಐದು, 10ರಲ್ಲಿ ಮೂರು, 11ರಲ್ಲಿ ಒಂದು. ಹೆಂಗಸರಿಗೆ 3ರಲ್ಲಿ ಎರಡು, 4ರಲ್ಲಿ ನಾಲ್ಕು, 5ರಲ್ಲಿ ಐದು, 6ರಲ್ಲಿ ನಾಲ್ಕು, 7ರಲ್ಲಿ ಎರಡು. ಇದು ಶುರುವಿನ ಲೆಕ್ಕ; ಹತ್ತಿರದ ಅಂಗಡಿಯ ಆರು ತಿಂಗಳ ಮಾರಾಟ ನೋಡಿ ತಿದ್ದಿಕೊಳ್ಳಿ. ಎಲ್ಲಕ್ಕಿಂತ ಕೆಟ್ಟ ಗಳಿಗೆ ಯಾವುದೆಂದರೆ, ಐದು ನಿಮಿಷ ಅಳೆಸಿಕೊಂಡವರಿಗೆ ‘ನಿಮ್ಮ ನಂಬರು ಇಲ್ಲ ಸರ್’ ಎನ್ನುವುದು. ಪಕ್ಕದ ನಂಬರು ಕೊಟ್ಟು ಸರಿಹೋಗುತ್ತೆ ಎನ್ನುವುದು ಅದಕ್ಕಿಂತ ಕೆಟ್ಟದ್ದು, ಅಳೆದದ್ದೆಲ್ಲ ನಾಟಕ ಎಂದಾಗುತ್ತದೆ.

ಶುಚಿ: ಪ್ರತಿಯೊಬ್ಬರಿಗೂ ಹೊಸ ತೆಳು ಸಾಕ್ಸ್. ಎರಡು ದಿನಕ್ಕೆ 400 ಜೊತೆ ತನ್ನಿ. ಬಿಚ್ಚಿದ ಶೂವಿನ ಒಳಪದರವನ್ನು ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಹದಿನೈದು ನಿಮಿಷ ಗಾಳಿಗಿಡಿ. ನೇರ ಸಿಂಪಡಿಸಿದರೆ ಅಂಟು ಸಡಿಲವಾಗಿ ಒಳಪದರ ಏಳುತ್ತದೆ. ಗಾಯ, ಕಜ್ಜಿ ಇರುವವರಿಗೆ ಅಳತೆ ಮಾತ್ರ ಕೊಟ್ಟು, ಚೀಟಿಯೊಂದಿಗೆ ಗೌರವದಿಂದ ಕಳಿಸಿ. ಸಕ್ಕರೆ ಕಾಯಿಲೆ ಇದೆ ಎಂದವರಿಗೆ ಬಿಗಿ ಶೂ ಹಾಕಿಸಲೇಬೇಡಿ, ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಕಚ್ಚಿದ್ದೂ ಅವರಿಗೆ ಗೊತ್ತಾಗುವುದಿಲ್ಲ.

ಹೊಲಿಗೆಯ ಮೂಲೆ

ಅದೇ ಬೀದಿಯಲ್ಲಿ ಚಪ್ಪಲಿ ಹೊಲಿಯುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಮಳಿಗೆಗೆ ಕರೆತನ್ನಿ, ದಿನಗೂಲಿ ಮುಂಗಡವಾಗಿ ಕೊಡಿ, ಜೋಡಿ ಲೆಕ್ಕ ಬೇಡ. ಅವರ ಒಂದು ದಿನದ ದುಡಿಮೆಗಿಂತ ಹೆಚ್ಚೇ ಇರಲಿ. ಅವರ ಪೆಟ್ಟಿಗೆ, ಅವರ ಉಳಿ, ಅವರ ಮೇಣದ ದಾರವೇ ಇರಲಿ. ಬ್ರ್ಯಾಂಡಿನ ಟೀ ಶರ್ಟು ತೊಡಿಸಿ ಗೊಂಬೆ ಮಾಡಬೇಡಿ. ಯಾವ ಕಂಪನಿಯದೇ ಆಗಲಿ, ಹರಿದ ಶೂ, ಚಪ್ಪಲಿ ತಂದವರಿಗೆ ಪುಕ್ಕಟೆ ಹೊಲಿಗೆ. ಮಳಿಗೆಯ ಬಗ್ಗೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿಸುವುದು ಈ ಮೂಲೆಯೇ.

ಮಿತಿಯನ್ನು ಮೊದಲೇ ಬರೆದು ಹಾಕಿ: ಹೊಲಿಗೆ, ಉಂಗುಷ್ಠ, ದಾರದ ತೂತಿನ ರಿಂಗು, ಲೇಸ್, ಒಳಪದರ. ತಳ ಬಿಟ್ಟುಕೊಂಡ ಶೂವಿಗೆ ಅಲ್ಲೇ ಅಂಟು ಹಚ್ಚಿ ಕೊಡಬೇಡಿ. ರಬ್ಬರ್ ಅಂಟು ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ದಿನ ಬೇಕು. ಹಚ್ಚಿದ ಗಂಟೆಯಲ್ಲೇ ನಡೆದರೆ ಮನೆ ಸೇರುವ ಮೊದಲೇ ಬಾಯಿ ಬಿಡುತ್ತದೆ, ಹೆಸರು ಕೆಡುವುದು ನಿಮ್ಮದು.

ಚೀಟಿ ಮತ್ತು ಲೆಕ್ಕ

ಅಳತೆ ಮುಗಿದ ಮೇಲೆ ಅಂಗೈಯಗಲದ ದಪ್ಪ ಚೀಟಿ ಕೊಡಿ. ಎಡ ಬಲ ಪಾದಗಳ ಉದ್ದ, ಸುತ್ತಳತೆ, ಈ ಮಾದರಿಯಲ್ಲಿ ಹೊಂದುವ ನಂಬರು, ಅಂಗಡಿಯ ದಾರಿ, ಕ್ರಮಸಂಖ್ಯೆ. ಮೇಲೆ ಬ್ರ್ಯಾಂಡಿನ ಹೆಸರು ಚಿಕ್ಕದಾಗಿರಲಿ. ಬೇರೆ ಅಂಗಡಿಗೂ ಒಯ್ಯುವಂತಿದ್ದರೆ ಜನ ಅದನ್ನು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಫೋನ್ ನಂಬರು ಕೇಳಬೇಡಿ. ಕೇಳಿದ ತಕ್ಷಣ ಮುಖ ಬಿಗಿಯುತ್ತದೆ, ಸರತಿ ಕರಗುತ್ತದೆ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಂತೆ ಒಪ್ಪಿಗೆ ಬೇಕು, 18ಕ್ಕಿಂತ ಚಿಕ್ಕವರಾದರೆ ಹೆತ್ತವರ ಒಪ್ಪಿಗೆ. ಮಕ್ಕಳ ಪಾದವನ್ನು ಅಪ್ಪ ಅಮ್ಮ ಜೊತೆಗಿದ್ದರೆ ಮಾತ್ರ ಅಳೆಯಿರಿ. ಬೆಳೆಯುವ ಪಾದಕ್ಕೆ ಮೂರ್ನಾಲ್ಕು ತಿಂಗಳಿಗೊಮ್ಮೆ ಅಳತೆ ಬೇಕು ಎಂದು ಅವರಿಗೆ ಹೇಳಿ ಕಳಿಸಿ.

ಮಳಿಗೆಯಲ್ಲಿ ಮಾರಾಟ ಬೇಡ. ಬಿಲ್ಲು, ಚಿಲ್ಲರೆ, ಯುಪಿಐ ಎಂದು ಶುರುವಾದರೆ ಅಳೆಯುವ ಕೈ ನಿಲ್ಲುತ್ತದೆ. ಅಂಗಡಿಯವರಿಗೆ ಚೀಟಿಯ ವಿಷಯ ಮೊದಲೇ ತಿಳಿದಿರಬೇಕು. ಚೀಟಿ ಹಿಡಿದು ಹೋದವರಿಗೆ ಅಲ್ಲಿ ‘ಅದೇನು?’ ಎಂಬ ಪ್ರಶ್ನೆ ಎದುರಾದರೆ ಎರಡು ದಿನದ ಕೆಲಸ ನೀರುಪಾಲು. ಅಂಗಡಿಯ ಒಬ್ಬ ಸಿಬ್ಬಂದಿಯನ್ನು ಅಳೆಯುವ ಮೂವರಲ್ಲಿ ಒಬ್ಬರಾಗಿ ಸೇರಿಸಿಕೊಂಡರೆ ಈ ತೊಂದರೆ ಬರುವುದಿಲ್ಲ.

ಹದಿನಾಲ್ಕು ದಿನ ಅಂಗಡಿಗೆ ಬಂದ ಚೀಟಿಗಳ ಕ್ರಮಸಂಖ್ಯೆ ಬರೆದಿಡಿ. ಅದರ ಜೊತೆಗೆ, ಹೆಚ್ಚುಕಡಿಮೆ ಅಷ್ಟೇ ವ್ಯಾಪಾರ ಇರುವ, ಮಳಿಗೆ ಹಾಕದ ಇನ್ನೊಂದು ಬಡಾವಣೆಯ ಅಂಗಡಿಯಲ್ಲಿ ಅದೇ ಮಾದರಿ ಅದೇ ದಿನಗಳಲ್ಲಿ ಎಷ್ಟು ಹೋಯಿತು ಎಂದು ನೋಡಿ. ಎರಡರ ವ್ಯತ್ಯಾಸವೇ ಪ್ರಚಾರದ ಫಲ. ಹಬ್ಬದ ವ್ಯಾಪಾರವನ್ನು ನಿಮ್ಮ ಖಾತೆಗೆ ಬರೆದುಕೊಳ್ಳುವ ತಪ್ಪು ಹೀಗೆ ತಪ್ಪುತ್ತದೆ. ವಾಪಸು ಬಂದ ಜೋಡಿಗಳನ್ನೂ ಎಣಿಸಿ. ಚೀಟಿ ತಂದವರಲ್ಲಿ ಸೈಜು ಬದಲಿಸಲು ಬಂದವರು ಹೆಚ್ಚಿದ್ದರೆ ಪಟ್ಟಿಯಲ್ಲೋ ಮಣೆಯಲ್ಲೋ ದೋಷವಿದೆ, ಮುಂದಿನ ಊರಿಗೆ ಹೋಗುವ ಮೊದಲು ಹುಡುಕಿ ಸರಿಪಡಿಸಿ.

ಉಳಿದದ್ದು ಹಾಕಿ ನೋಡಿದ 40 ಜೋಡಿ. ಅವನ್ನು ಹೊಸದೆಂದು ಅಂಗಡಿಯ ಕಪಾಟಿಗೆ ವಾಪಸು ಇಡುವುದು ಮೋಸ. ತೊಳೆದು ಒಣಗಿಸಿ, ಹೊಸ ಒಳಪದರ, ಹೊಸ ಲೇಸ್ ಹಾಕಿ, ಹತ್ತಿರದ ಕಾಲೇಜು ವಿದ್ಯಾರ್ಥಿನಿಲಯಕ್ಕೆ ಕೊಡಬಹುದು. ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟು ಬರಬೇಡಿ. ಅಳತೆ ಮಣೆಯನ್ನೂ ಜೊತೆಗೆ ಒಯ್ಯಿರಿ, ಅಲ್ಲಿಯೂ ಒಬ್ಬೊಬ್ಬರನ್ನೇ ನಿಲ್ಲಿಸಿ ಎರಡೂ ಪಾದ ಅಳೆಯಿರಿ, ಹೊಂದುವ ಜೋಡಿ ಇದ್ದವರಿಗೆ ಕೊಡಿ, ಇಲ್ಲದವರ ನಂಬರು ಬರೆದುಕೊಂಡು ಬಂದು ಹೊಸದನ್ನು ಕಳಿಸಿ.